ಕಾಡಂಚಿನ ಮನೆಗಳಿಗೆ ಬೆಂಕಿ ರಕ್ಷಣೆ: ಪಂಚಾಯಿತಿ ದುಡ್ಡು ಯಾವ ಶೀರ್ಷಿಕೆಯಿಂದ, ಯಾವ ಕೆಲಸಕ್ಕೆ?

ಬಾಣೆಯಂಚು · ಅಕ್ಟೋಬರ್ 11, 2025

2026-27ರ ಕ್ರಿಯಾ ಯೋಜನೆಗೆ ಗ್ರಾಮಸಭೆಗಳ ಕಾಲ ಇದು. ನಮ್ಮ ಕೊಡಗಿನ ತಿತಿಮತಿ, ಮಾಲ್ದಾರೆ, ಬಾಳೆಲೆ, ಕುಟ್ಟ ಕಡೆ ಕಾಡಿಗೆ ಬೆನ್ನು ತಾಗಿಸಿಕೊಂಡೇ ಮನೆಗಳಿವೆ. ತೋಟದ ಲೈನ್ ಮನೆ (ಕಾರ್ಮಿಕರ ಸಾಲು ಮನೆ), ಪೈಸಾರಿ (ಸರ್ಕಾರಿ) ಜಾಗದ ಮನೆ, ಹಾಡಿ (ಬುಡಕಟ್ಟು ಜನರ ವಸತಿ), ಈಚೆಗೆ ಹೋಂಸ್ಟೇಗಳು. 2018ರ ಆಗಸ್ಟ್‌ನ ಭೂಕುಸಿತದ ಮೇಲೆ ನಮ್ಮ ಜಿಲ್ಲೆಯಲ್ಲಿ ವಿಪತ್ತು ಅಂದರೆ ಮಳೆಗಾಲ ಅಂತಲೇ ಆಗಿಬಿಟ್ಟಿದೆ. ಜನವರಿಯಿಂದ ಹೂಮಳೆ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಬೀಳುವವರೆಗಿನ ಒಣ ದಿನಗಳಿಗೆ ಪಂಚಾಯಿತಿ ಬಜೆಟ್‌ನಲ್ಲಿ ಒಂದು ಸಾಲು ಸಿಗುವುದು ಕಷ್ಟ.

ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಒಂದು ಮಾದರಿ ಇಟ್ಟುಕೊಳ್ಳೋಣ: ಕಾಡಂಚು 2 ಕಿ.ಮೀ., ಅದರಗುಂಟ 60 ಮನೆ, ಅದರಲ್ಲಿ 25 ಲೈನ್ ಮನೆ. ಇಂಥ ಊರಿನ ಸಭೆಯಲ್ಲಿ ಬರುವ ಬೇಡಿಕೆ ಎರಡು. ಪಂಪು ಕೂರಿಸಿದ ನೀರಿನ ಟ್ಯಾಂಕರ್, ಇಲ್ಲವಾದರೆ ಜೆಸಿಬಿ ತರಿಸಿ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಹುಲ್ಲು, ಎಲೆ ತೆಗೆದ ಪಟ್ಟಿ. ಕಚೇರಿಯಿಂದ ಬರುವ ಉತ್ತರ ಒಂದೇ: ಬೆಂಕಿ ಪಂಚಾಯಿತಿ ವಿಷಯ ಅಲ್ಲ, ಅರಣ್ಯ ಇಲಾಖೆಗೆ ಬರೆಯಿರಿ. ಇದರಲ್ಲಿ ಯಾವ ಮಾತು ನಿಲ್ಲುತ್ತದೆ, ಯಾವುದು ಬೀಳುತ್ತದೆ? ಗೊತ್ತಿದ್ದವರು ಕಲಂ, ಅಳತೆ, ಲೆಕ್ಕ ಸಮೇತ ಬರೆಯಿರಿ.

ಕಡತದಾರಿ · ಅಕ್ಟೋಬರ್ 11

ಕಚೇರಿಯ ಮಾತಿನಲ್ಲಿ ಅರ್ಧ ನಿಜ ಇದೆ. ಸಂವಿಧಾನದ 12ನೇ ಅನುಸೂಚಿ, ಅಂದರೆ ನಗರ ಸಂಸ್ಥೆಗಳ ಪಟ್ಟಿಯಲ್ಲಿ, ಅಗ್ನಿಶಾಮಕ ಸೇವೆ 7ನೇ ವಿಷಯ. ಪಂಚಾಯಿತಿಗಳ 11ನೇ ಅನುಸೂಚಿಯ 29 ವಿಷಯಗಳಲ್ಲಿ ಅದರ ಹೆಸರಿಲ್ಲ. ಮಡಿಕೇರಿ, ಕುಶಾಲನಗರದಂಥ ಪಟ್ಟಣಗಳಿಗೆ ಇರುವ ನೇರ ದಾರಿ ಗ್ರಾಮ ಪಂಚಾಯಿತಿಗೆ ಇಲ್ಲ.

ಆದರೆ ವಿಪತ್ತು ನಿರ್ವಹಣಾ ಕಾಯ್ದೆ 2005ರ 41ನೇ ಕಲಂ ಓದಿ. ಸ್ಥಳೀಯ ಪ್ರಾಧಿಕಾರ ತನ್ನ ಸಿಬ್ಬಂದಿಗೆ ತರಬೇತಿ ಕೊಡಿಸಬೇಕು, ವಿಪತ್ತಿಗೆ ಬೇಕಾದ ಸಾಮಗ್ರಿಯನ್ನು ಯಾವಾಗ ಕೇಳಿದರೂ ಬಳಸುವ ಸ್ಥಿತಿಯಲ್ಲಿ ಇಟ್ಟಿರಬೇಕು ಅಂತ ಅದು ಹೇಳುತ್ತದೆ. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಸ್ಥಳೀಯ ಪ್ರಾಧಿಕಾರ ಎಂದರೆ ಪಂಚಾಯತ್ ರಾಜ್ ಸಂಸ್ಥೆಯೂ ಸೇರುತ್ತದೆ. ಗ್ರಾಮಸಭೆಯ ನಡಾವಳಿಯಲ್ಲಿ ಈ ಕಲಂ ಅನ್ನು ಅಕ್ಷರಶಃ ಬರೆಸಿ. ಜೊತೆಗೆ 11ನೇ ಅನುಸೂಚಿಯ 29ನೇ ವಿಷಯ, ‘ಸಮುದಾಯ ಆಸ್ತಿಗಳ ನಿರ್ವಹಣೆ’ಯನ್ನೂ ಸೇರಿಸಿ. ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬಂದರೆ ಈ ಎರಡು ಸಾಲು ಕಾಯುತ್ತವೆ.

ಇನ್ನು ದುಡ್ಡಿನ ಮೂಲ. 15ನೇ ಹಣಕಾಸು ಆಯೋಗದ (2021-26) ಅನುದಾನದಲ್ಲಿ ಶೇ 60 ನಿರ್ಬಂಧಿತ, ಶೇ 40 ಮುಕ್ತ. ನಿರ್ಬಂಧಿತದ ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ, ಇನ್ನರ್ಧ ನೈರ್ಮಲ್ಯಕ್ಕೆ. ಕಾಡಂಚಿನ ಕಾಲೊನಿಗೆ ಮಳೆನೀರಿನ ತೊಟ್ಟಿ ಈ ಹಣದಲ್ಲೇ ಕಟ್ಟಬಹುದು. ಅಂದಾಜು ಪಟ್ಟಿ ಮಾಡುವಾಗಲೇ ತಳದಲ್ಲಿ 63 ಮಿ.ಮೀ. ಹೊರಗೊಳವೆ ಮತ್ತು ಗೇಟ್ ವಾಲ್ವ್ ಸೇರಿಸಿ. ತೊಟ್ಟಿ ಕಟ್ಟಿ ಆದ ಮೇಲೆ ಗೋಡೆ ಕೊರೆದು ಕೂರಿಸಿದ ಕೊಳವೆ ಸೋರುತ್ತದೆ, ಆ ಖರ್ಚಿಗೆ ಬೇರೆ ಮಂಜೂರಾತಿಯೂ ಬೇಕಾಗುತ್ತದೆ. ಶೇ 40ರ ಮುಕ್ತ ಭಾಗದಲ್ಲಿ ಸಂಬಳ, ಆಡಳಿತ ವೆಚ್ಚ ಹಾಕುವಂತಿಲ್ಲ. ಹಾಗಾಗಿ ‘ಬೆಂಕಿ ಕಾವಲುಗಾರನ ಸಂಬಳ’ ಅಂತ ಬರೆದರೆ ಬೀಳುತ್ತದೆ. ‘ಪಂಚಾಯಿತಿ ರಸ್ತೆ ಬದಿ ಕುರುಚಲು ತೆರವು ಮತ್ತು ನಿರ್ವಹಣೆ, ಇಷ್ಟು ಚದರ ಮೀಟರ್’ ಅಂತ ಕಾಮಗಾರಿಯಾಗಿ ಬರೆದರೆ ನಿಲ್ಲುತ್ತದೆ. ಈ ಆಯೋಗದ ಅವಧಿ 2026ರ ಮಾರ್ಚ್‌ಗೆ ಮುಗಿಯುತ್ತದೆ, ಆಮೇಲೆ 16ನೇ ಆಯೋಗದ ಲೆಕ್ಕ. ಉಳಿಕೆ ಹಣ ಇದ್ದರೆ ಈ ಡಿಸೆಂಬರ್-ಜನವರಿಯಲ್ಲೇ ಕೆಲಸ ಮುಗಿಯುವಂತೆ ನೋಡಿ.

ಉದ್ಯೋಗ ಖಾತರಿಯಲ್ಲಿ ಬೆಂಕಿ ರೇಖೆ ಹೆರೆಸೋಣ ಅನ್ನುವ ಸಲಹೆ ಎಲ್ಲ ಸಭೆಯಲ್ಲೂ ಬರುತ್ತದೆ. ಆಗುವುದಿಲ್ಲ. 2005ರ ಆ ಕಾಯ್ದೆಯ 1ನೇ ಅನುಸೂಚಿಯೇ ಹುಲ್ಲು ಕೀಳುವುದು, ಕಲ್ಲು ಹೆಕ್ಕುವುದು ಇಂಥ ಅಳತೆಗೆ ಸಿಗದ, ಮತ್ತೆ ಮತ್ತೆ ಮಾಡಬೇಕಾದ ಕೆಲಸ ಬೇಡ ಅಂತ ಹೇಳಿದೆ. ಕೆರೆ, ಕೃಷಿಹೊಂಡ, ಇಂಗುಗುಂಡಿಗೆ ಈ ಯೋಜನೆ ಸರಿ. 2025-26ರಲ್ಲಿ ಇದರ ಕೂಲಿ ₹370.

ಕಾವಲುಗುಡ್ಡ · ಅಕ್ಟೋಬರ್ 11

ಅರಣ್ಯದ ಕಡೆಯ ಹಣ ಸೇರಿಸುತ್ತೇನೆ. ಕೇಂದ್ರದ ಕಾಳ್ಗಿಚ್ಚು ತಡೆ ಮತ್ತು ನಿರ್ವಹಣೆ ಯೋಜನೆ 2017-18ರಿಂದ ಇದೆ, ನಮ್ಮ ರಾಜ್ಯಕ್ಕೆ ಕೇಂದ್ರದ ಪಾಲು 60, ರಾಜ್ಯದ್ದು 40. ಇದರ ಜೊತೆ 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯಡಿ ಬರುವ ಕ್ಯಾಂಪಾ ಹಣ. ಎರಡೂ ಇಲಾಖೆಯ ವಾರ್ಷಿಕ ಕಾರ್ಯಯೋಜನೆ ಮೂಲಕವೇ ಖರ್ಚಾಗುವುದು. ಫೆಬ್ರವರಿಯಲ್ಲಿ ಹೊಗೆ ಕಂಡ ಮೇಲೆ ಕೊಟ್ಟ ಮನವಿ ಆ ವರ್ಷಕ್ಕೆ ಕೆಲಸಕ್ಕೆ ಬರುವುದಿಲ್ಲ. ಮುಂದಿನ ವರ್ಷದ ಯೋಜನೆಗೆ ಸೇರಬೇಕಾದರೆ ಗ್ರಾಮ ಅರಣ್ಯ ಸಮಿತಿಯ ನಿರ್ಣಯ, ಸರ್ವೆ ನಂಬರ್, ಜಿಪಿಎಸ್ ಗುರುತು ಹಾಕಿದ ನಕ್ಷೆ ಡಿಸೆಂಬರ್ ಒಳಗೆ ವಲಯ ಅರಣ್ಯಾಧಿಕಾರಿಯ ಮೇಜಿನ ಮೇಲಿರಲಿ.

ಆ ಹಣ ಅರಣ್ಯದ ಗಡಿಕಲ್ಲಿನವರೆಗೆ. ಗಡಿಕಲ್ಲಿನಿಂದ ಮನೆಯ ಗೋಡೆವರೆಗಿನ 50-100 ಮೀಟರ್ ಯಾರ ಬಜೆಟ್‌ನಲ್ಲೂ ಇಲ್ಲ. ಪಂಚಾಯಿತಿ ಹಣ ಹೋಗಬೇಕಾದ್ದು ಅಲ್ಲಿಗೇ.

ಇನ್ನೊಂದು ಮೂಲ ರಾಜ್ಯ ವಿಪತ್ತು ಉಪಶಮನ ನಿಧಿ. 15ನೇ ಆಯೋಗ ರಾಜ್ಯದ ವಿಪತ್ತು ಹಣವನ್ನು ಪರಿಹಾರಕ್ಕೆ 80, ಉಪಶಮನಕ್ಕೆ 20 ಅಂತ ಭಾಗ ಮಾಡಿತು. ಅಧಿಸೂಚಿತ ವಿಪತ್ತುಗಳಲ್ಲಿ ಬೆಂಕಿಯೂ ಸೇರಿದೆ. ರಾಷ್ಟ್ರಮಟ್ಟದಲ್ಲಿ 19 ರಾಜ್ಯಗಳ 144 ಜಿಲ್ಲೆಗಳಿಗೆ ₹818.92 ಕೋಟಿಯ ಕಾಳ್ಗಿಚ್ಚು ಅಪಾಯ ನಿರ್ವಹಣಾ ಯೋಜನೆಗೂ ಒಪ್ಪಿಗೆ ಸಿಕ್ಕಿದೆ, ಕರ್ನಾಟಕ ಆ 19ರಲ್ಲಿದೆ. ಈ ಹಣ ಕೇಳಬೇಕಾದವರು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ. ಒಂದೊಂದು ಪಂಚಾಯಿತಿಯ ಅರ್ಜಿ ಅಲ್ಲಿ ಕಳೆದುಹೋಗುತ್ತದೆ. ಅಕ್ಕಪಕ್ಕದ ನಾಲ್ಕೈದು ಪಂಚಾಯಿತಿ ಒಂದೇ ನಕ್ಷೆ, ಒಂದೇ ಅಂದಾಜು ಕೊಟ್ಟರೆ ಕಡತಕ್ಕೆ ತೂಕ ಬರುತ್ತದೆ.

ಒಣತರಗೆಲೆ · ಅಕ್ಟೋಬರ್ 12

ಹಣ ಎಲ್ಲಿಂದ ಅನ್ನುವುದಕ್ಕಿಂತ ಎಲ್ಲಿಗೆ ಅನ್ನುವುದನ್ನು ಮೊದಲು ತೀರ್ಮಾನಿಸಿ. ಕಾಳ್ಗಿಚ್ಚಿನಲ್ಲಿ ಮನೆ ಸುಡುವುದು ಬಹಳ ಸಲ ಜ್ವಾಲೆಯ ಗೋಡೆ ಬಂದು ಬಡಿದಲ್ಲ. ಗಾಳಿಯಲ್ಲಿ ಹಾರಿ ಬಂದ ಕೆಂಡದ ಚೂರು ಮಾಡಿನ ಮೇಲಿನ ಒಣ ಎಲೆಗೆ, ಗೋಡೆಗೆ ಒರಗಿಸಿದ ಸೌದೆಗೆ ಬಿದ್ದು ಹೊತ್ತಿಕೊಳ್ಳುತ್ತದೆ. ಇಲ್ಲವಾದರೆ ತರಗೆಲೆಯ ಮೇಲೆ ತೆವಳಿ ಬಂದ ಮೊಣಕಾಲೆತ್ತರದ ಬೆಂಕಿ ಗೋಡೆ ಮುಟ್ಟುತ್ತದೆ. ಅಮೆರಿಕದ ಅರಣ್ಯ ಸೇವೆಯ ಸಂಶೋಧಕ ಜ್ಯಾಕ್ ಕೋಹೆನ್ ದಶಕಗಳ ಕೆಲಸದಿಂದ ತೋರಿಸಿದ್ದು ಇದನ್ನೇ: ಮನೆ ಉಳಿಯುವುದೋ ಹೋಗುವುದೋ ಎಂಬುದು ಮನೆ ಮತ್ತು ಅದರ ಸುತ್ತಲಿನ ಸುಮಾರು 30 ಮೀಟರ್‌ನಲ್ಲಿ ತೀರ್ಮಾನವಾಗುತ್ತದೆ.

ಕೊಡಗಿನ ಮನೆಗೆ ಅನ್ವಯಿಸಿ ಹೇಳುತ್ತೇನೆ. ಗೋಡೆಯಿಂದ ಒಂದೂವರೆ ಮೀಟರ್: ಸುಡುವಂಥದ್ದು ಏನೂ ಇರಬಾರದು. ಸೌದೆ, ಕಾಫಿ ಸಿಪ್ಪೆಯ ರಾಶಿ, ಗೋಣಿಚೀಲ, ಒಣಗಿದ ಬಿದಿರು, ಸೀಮೆಎಣ್ಣೆ ಡಬ್ಬಿ, ಎಲ್ಲ ಆಚೆ. ಅಲ್ಲಿಂದ 9 ಮೀಟರ್‌ವರೆಗೆ: ಹುಲ್ಲು 10 ಸೆಂ.ಮೀ. ದಾಟದಿರಲಿ, ತರಗೆಲೆ ವಾರಕ್ಕೊಮ್ಮೆ ಗುಡಿಸಿ, ಸೌದೆ ರಾಶಿಯನ್ನು ಈ ಗೆರೆಯ ಹೊರಗೆ ಮೇಲ್ಬದಿಗೆ ಒಟ್ಟಿ. 9ರಿಂದ 30 ಮೀಟರ್: ಮರ ಕಡಿಯುವುದು ಬೇಡ, ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಕೆಳಕೊಂಬೆಗಳನ್ನು ಎರಡು ಮೀಟರ್ ಎತ್ತರದವರೆಗೆ ಸವರಿ, ಲಂಟಾನ (ಕಾಡಂಚಿನಲ್ಲಿ ಹಬ್ಬುವ ಕಳೆ ಪೊದೆ) ತೆಗೆಯಿರಿ. ಆಗ ನೆಲದ ಬೆಂಕಿಗೆ ಮರದ ತಲೆಗೆ ಹತ್ತಲು ಏಣಿ ಸಿಗುವುದಿಲ್ಲ. ಇಳಿಜಾರಿನಲ್ಲಿ ಮನೆ ಇದ್ದರೆ ಕೆಳಬದಿಗೆ ಈ ಅಳತೆ ದುಪ್ಪಟ್ಟು ಮಾಡಿ. ಇಳಿಜಾರು 10 ಡಿಗ್ರಿ ಏರಿದಂತೆಲ್ಲ ಮೇಲಕ್ಕೆ ಓಡುವ ಬೆಂಕಿಯ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ.

ಮಾಡು ಮರೆಯಬೇಡಿ. ಮಂಗಳೂರು ಹೆಂಚಿನ ಸಂದಿ, ಮೂಲೆದೋಣಿ (ಎರಡು ಮಾಡು ಕೂಡುವ ತಗ್ಗು), ನೀರಿನ ದಂಬೆ ಮೂರರಲ್ಲೂ ಸಿಲ್ವರ್ ಓಕ್ ಎಲೆ ತುಂಬಿರುತ್ತದೆ. ಒಡೆದ ಹೆಂಚು ಬದಲಾಯಿಸಿ. ಅಟ್ಟದ ಗಾಳಿಕಿಂಡಿಗೆ 3 ಮಿ.ಮೀ. ಕಣ್ಣಿನ ಲೋಹದ ಜಾಲರಿ ಹೊಡೆಯಿರಿ. ಪ್ಲಾಸ್ಟಿಕ್ ಸೊಳ್ಳೆಪರದೆ ಕರಗಿ ಕೆಂಡಕ್ಕೆ ದಾರಿ ಬಿಡುತ್ತದೆ. ಒಂದು ಮನೆಗೆ ಇಬ್ಬರು ಆಳಿನ ಒಂದು ದಿನದ ಕೆಲಸ ಇದು. ಟ್ಯಾಂಕರ್‌ಗೆ ಕೇಳುವ ಹಣದ ಸಣ್ಣ ಪಾಲಿನಲ್ಲಿ 60 ಮನೆಯೂ ಮುಗಿಯುತ್ತದೆ.

ಏಳನೇಜೆಟ್ · ಅಕ್ಟೋಬರ್ 12

ಟ್ಯಾಂಕರ್ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ: ಬೇಕಾದ ಸಾಮಾನು ತೋಟಗಳಲ್ಲಿ ಆಗಲೇ ಇದೆ, ಅದೂ ಸರಿಯಾದ ತಿಂಗಳಲ್ಲಿ ಹೊರಗೇ ಇರುತ್ತದೆ. ಫೆಬ್ರವರಿ-ಮಾರ್ಚ್ ರೊಬಸ್ಟಾಕ್ಕೆ ಹೂವಿನ ನೀರು ಹಾಯಿಸುವ ಕಾಲ. ಕೆರೆ ದಡದಲ್ಲಿ ಡೀಸೆಲ್ ಪಂಪು, ಪೈಪು, ಜೆಟ್ಟು (ನೀರು ಚಿಮ್ಮಿಸುವ ಸ್ಪ್ರಿಂಕ್ಲರ್) ಎಲ್ಲ ಜೋಡಣೆಯಾಗಿರುತ್ತದೆ. ಪಂಚಾಯಿತಿ ಮಾಡಬೇಕಾದ್ದು ತೋಟದವರ ಜೊತೆ ಒಂದು ಪುಟದ ಒಪ್ಪಂದ: ಯಾವ ಕೆರೆ, ಯಾರ ಪಂಪು, ಡೀಸೆಲ್ ಹಣ ಯಾರದು, ಪೈಪು ಹಾಳಾದರೆ ಯಾರು ಕಟ್ಟಿಕೊಡುತ್ತಾರೆ. ತೋಟದ ಪೈಪಿನ ಕಪ್ಲಿಂಗ್‌ಗೂ ಅಗ್ನಿಶಾಮಕ ಹೋಸಿಗೂ ಕೂಡುವುದಿಲ್ಲ. ಎರಡೂ ಕಡೆ ಹೊಂದುವ ಜೋಡಣೆಯನ್ನು ಟರ್ನರ್ ಹತ್ತಿರ ಮಾಡಿಸಿ ಪ್ರತಿ ಕೆರೆಗೆ ಎರಡರಂತೆ ಇಡಿ. ಈ ಸಣ್ಣ ತುಂಡು ಇಲ್ಲದಿದ್ದರೆ ಕೆರೆ ತುಂಬ ನೀರಿದ್ದೂ ಕೈಕಟ್ಟಿದಂತೆ.

ಅಂಚಿನ ಎಕರೆಗೆ ಮೊದಲೇ ನೀರು ಹಾಯಿಸಿ ಒದ್ದೆ ಪಟ್ಟಿ ಮಾಡಿ ಅಂತ ಯಾರಾದರೂ ಹೇಳಬಹುದು. ಕಾಫಿ ಗಿಡದ ಮೇಲೆ ಬೇಡ. ನೀರು ಬಿದ್ದ ಎಂಟೊಂಬತ್ತು ದಿನಕ್ಕೆ ಹೂ ಬಿಡುತ್ತದೆ, ಆಮೇಲೆ 15-20 ದಿನದಲ್ಲಿ ಮತ್ತೆ ನೀರು ಸಿಗದಿದ್ದರೆ ಕಾಯಿ ಕಟ್ಟುವುದಿಲ್ಲ. ಬೆಂಕಿಯ ಭಯಕ್ಕೆ ಅಂಚಿನ ಬೆಳೆ ಕಳೆದುಕೊಂಡವರು ಮುಂದಿನ ವರ್ಷ ಪಂಪು ಕೊಡುವುದಿಲ್ಲ. ಗಿಡದ ಸಾಲಿನಿಂದಾಚೆ, ಬೇಲಿ ಪಕ್ಕದ ದಾರಿಗೆ ಮಾತ್ರ ಜೆಟ್ ತಿರುಗಿಸಿ.

ಮನೆಗಳ ಹತ್ತಿರಕ್ಕೆ ಎಚ್‌ಟಿಪಿ ಸ್ಪ್ರೇಯರ್ ಸಾಕು. ಬೋರ್ಡೊ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಅದೇ ಹೆಚ್ಚು ಒತ್ತಡದ ಯಂತ್ರ. ಪಿಕಪ್ ಮೇಲೆ 500 ಲೀಟರ್ ಸಿಂಟೆಕ್ಸ್, 100 ಮೀಟರ್ ಹೋಸ್, ನಿಮಿಷಕ್ಕೆ 30 ಲೀಟರ್ ಲೆಕ್ಕದಲ್ಲಿ 16 ನಿಮಿಷ ಬರುತ್ತದೆ. ಹುಲ್ಲಿನ ಬೆಂಕಿಯ ಪಕ್ಕೆಗೆ ಹೊಡೆಯಲು, ಮರದ ಬುಡದ ಕೆಂಡ ಆರಿಸಲು ಇದಕ್ಕಿಂತ ಒಳ್ಳೆಯದು ಹಳ್ಳಿಯಲ್ಲಿ ಸಿಗುವುದಿಲ್ಲ. ತಲೆ ಎತ್ತಿ ಬರುವ ಬೆಂಕಿಯ ಎದುರಿಗೆ ಮಾತ್ರ ನಿಲ್ಲಬಾರದು, 30 ಲೀಟರ್ ನೀರು ಅದಕ್ಕೆ ಏನೂ ಅಲ್ಲ. ಜನವರಿ ಮೊದಲ ವಾರ ಡ್ರಮ್ಮು, ಹೋಸು ಎರಡನ್ನೂ ಮೂರು ಸಲ ತೊಳೆಯಿರಿ. ಮೈಲುತುತ್ತದ ಗಸಿ ನಾಜಲ್ ಕಟ್ಟಿಸುತ್ತದೆ. ಕೀಟನಾಶಕ ಉಳಿದಿದ್ದರೆ ಬೆಂಕಿ ಆರಿಸುವವರ ಎದೆಗೇ ಹೋಗುತ್ತದೆ.

ಪಂಪು ಕೊಳ್ಳಲೇಬೇಕಿದ್ದರೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ 2 ಇಂಚಿನ ಪೆಟ್ರೋಲ್ ಪಂಪುಗಳ ಗರಿಷ್ಠ ಎತ್ತುವಿಕೆ ಸುಮಾರು 30 ಮೀಟರ್. ಕೆರೆ ತಗ್ಗಿನಲ್ಲಿ, ಮನೆ 30 ಮೀಟರ್ ಮೇಲಿದ್ದರೆ ಹೋಸಿನ ತುದಿಯಲ್ಲಿ ಒಂದು ಹನಿಯೂ ಬರುವುದಿಲ್ಲ. ‘ಹೈ ಪ್ರೆಶರ್’ ಮಾದರಿ ಕೇಳಿ, ಟೆಂಡರ್ ವಿವರಣೆಯಲ್ಲೇ ಎತ್ತುವಿಕೆ ಮೀಟರ್‌ನಲ್ಲಿ ಬರೆಸಿ. ಹೀರುವ ಕಡೆಯೂ ಮಿತಿ ಇದೆ. ಸಮುದ್ರಮಟ್ಟದಲ್ಲಿ ಲೆಕ್ಕಕ್ಕೆ 10 ಮೀಟರ್ ಇರುವ ಹೀರುವಿಕೆ, ಮಡಿಕೇರಿ ಎತ್ತರದಲ್ಲಿ 9ಕ್ಕೆ ಇಳಿಯುತ್ತದೆ, ಕೆಲಸದಲ್ಲಿ 6 ಸಿಕ್ಕರೆ ಪುಣ್ಯ. ಮಾರ್ಚ್‌ನಲ್ಲಿ ಕೆರೆ ಇಳಿದಾಗ ಪಂಪನ್ನು ನೀರಿನ ಹತ್ತಿರಕ್ಕೆ ಇಳಿಸಲು ಮೆಟ್ಟಿಲು ಬೇಕು, ಅದನ್ನು ಈಗಲೇ ಕಡಿಸಿ.

ಮಣ್ಣುಜರಿತ · ಅಕ್ಟೋಬರ್ 12

ಜೆಸಿಬಿ ಬೆಂಕಿ ರೇಖೆಯನ್ನು ನಡಾವಳಿಯಿಂದ ಇವತ್ತೇ ಹೊಡೆದುಹಾಕಿ ಅಂತ ಕೈಮುಗಿದು ಕೇಳುತ್ತೇನೆ. ಇಳಿಜಾರಿನಲ್ಲಿ ಯಂತ್ರದಿಂದ ಬೇರುಸಮೇತ ಕೆತ್ತಿದ 6 ಮೀಟರ್ ಅಗಲದ ಪಟ್ಟಿ ಎಂದರೆ ಜೂನ್‌ನಲ್ಲಿ ನೀರು ಹರಿಯುವ ಕಾಲುವೆ. ಮಾರ್ಚ್‌ನ ಬೆಂಕಿ ತಪ್ಪಿಸಲು ಹೋಗಿ ಜುಲೈಯ ಜರಿತಕ್ಕೆ ಬಾಯಿ ತೆರೆದಂತೆ. 2018ರಲ್ಲಿ ಗುಡ್ಡ ಕುಸಿದ ಗಾಳಿಬೀಡು, ಮಕ್ಕಂದೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೈಕೆಲಸ ಮಾಡಿಸಿ. ಕತ್ತಿ, ಬ್ರಷ್ ಕಟರ್‌ನಲ್ಲಿ ಸವರಿ, ಗುದ್ದಲಿಯಿಂದ ಮೇಲಿನ ಎಲೆಪದರ ಮಾತ್ರ ಹೆರೆಯಿರಿ. ಹುಲ್ಲಿನ ಬೇರು ಮಣ್ಣಿನಲ್ಲೇ ಇರಲಿ. ಪಟ್ಟಿ ಗುಡ್ಡದ ಅಡ್ಡಕ್ಕೆ ಹೋಗಲಿ. ನೇರ ಇಳಿಯಲೇಬೇಕಾದ ಕಡೆ 15-20 ಮೀಟರ್‌ಗೊಂದು ಓರೆಯಾಗಿ ಮರದ ದಿಮ್ಮಿಯ ಅಡ್ಡಗಟ್ಟು ಕೊಟ್ಟು ನೀರನ್ನು ಪಕ್ಕದ ಕಾಡಿಗೆ ತಿರುಗಿಸಿ.

ಲಂಟಾನದಲ್ಲಿ ಆಗುವ ತಪ್ಪು ಬೇರೆ. ಮೊಣಕಾಲೆತ್ತರಕ್ಕೆ ಕಡಿದು ರಾಶಿ ಅಲ್ಲೇ ಬಿಟ್ಟರೆ ಎರಡು ತಿಂಗಳಲ್ಲಿ ಹಸಿ ಪೊದೆಗಿಂತ ಕೆಟ್ಟ ಉರುವಲು ತಯಾರು, ಬುಡವೂ ಮೊದಲ ಮಳೆಗೆ ಇಮ್ಮಡಿ ಚಿಗುರುತ್ತದೆ. ನೆಲದ ಕೆಳಗೆ ಬೇರಿನ ಕುತ್ತಿಗೆಗೇ ಕಡಿದು, ಬುಡ ಮೇಲಾಗಿ ಮಗುಚಿ ಹಾಕಬೇಕು, ಆಗ ಮತ್ತೆ ಬೇರು ಬಿಡುವುದಿಲ್ಲ. ಒಣಗಿದ್ದನ್ನು ಡಿಸೆಂಬರ್ ಒಳಗೆ ಸಾಗಿಸಬೇಕು. ಅಂದಾಜು ಪಟ್ಟಿಯಲ್ಲಿ ‘ಸಾಗಾಟ’ ಅಂತ ಪ್ರತ್ಯೇಕ ಸಾಲು ಇಲ್ಲದಿದ್ದರೆ ಗುತ್ತಿಗೆದಾರ ಅದನ್ನು ಮುಟ್ಟುವುದಿಲ್ಲ.

ಹಾಡಿಯಕಡೆ · ಅಕ್ಟೋಬರ್ 13

60 ಮನೆಯನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಹೆಂಚಿನ ಮನೆಗೆ ಎಲೆ ಗುಡಿಸಿದರೆ ಸಾಕಾಗಬಹುದು. ಹಾಡಿಯಲ್ಲಿ ಟಾರ್ಪಾಲು, ಹುಲ್ಲಿನ ಮಾಡಿಗೆ ಒಂದು ಕೆಂಡ ಸಾಕು. ಅಲ್ಲಿ ಬೆಂಕಿ ತಡೆಯ ಮೊದಲ ಕೆಲಸ ಮಾಡು ಬದಲಾಯಿಸುವುದು. ಜೇನುಕುರುಬರಿಗೆ ಪಿಎಂ-ಜನ್‌ಮನ್‌ನಲ್ಲಿ (ತೀರಾ ಹಿಂದುಳಿದ ಬುಡಕಟ್ಟುಗಳಿಗಾಗಿ ಇರುವ ಕೇಂದ್ರದ ಯೋಜನೆ) ಮನೆಗೆ ಒಟ್ಟು ₹2.39 ಲಕ್ಷ ಇದೆ. ಬೆಟ್ಟಕುರುಬ, ಯರವ ಕುಟುಂಬಗಳಿಗೆ ಆ ಯೋಜನೆ ಅನ್ವಯಿಸುವುದಿಲ್ಲ, ಅವರಿಗೆ 2013ರ ಕಾಯ್ದೆಯಡಿ ಬರುವ ಗಿರಿಜನ ಉಪಯೋಜನೆಯಲ್ಲಿ ಕೇಳಬಹುದು. ಒಂದೇ ಹಾಡಿಯಲ್ಲಿ ಮೂರೂ ಸಮುದಾಯ ಇದ್ದರೆ ಪಟ್ಟಿಯನ್ನು ಮೊದಲೇ ಬೇರೆ ಮಾಡಿ ಕೊಡಿ, ಇಲ್ಲದಿದ್ದರೆ ಇಡೀ ಪಟ್ಟಿ ಹಿಂದೆ ಬರುತ್ತದೆ.

ಅರಣ್ಯ ಹಕ್ಕು ಕಾಯ್ದೆ 2006ರ 5ನೇ ಕಲಂ ಕಾಡು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಸಮುದಾಯ ಹಕ್ಕು ಮಂಜೂರಾದ ಕಡೆ ಬೆಂಕಿ ರೇಖೆ ಎಲ್ಲಿ ಹೋಗಬೇಕು ಅನ್ನುವುದನ್ನು ಹಾಡಿಯವರ ಸಭೆಯೇ ಹೇಳಲಿ. ಜೇನು, ಗೆಡ್ಡೆ, ಸೀಗೆ ಸಿಗುವ ಜಾಗ, ದೇವರ ಜಾಗ ಅವರಿಗೆ ಗೊತ್ತು. ನಕ್ಷೆ ನೋಡಿ ಗೆರೆ ಎಳೆದವರಿಗೆ ಗೊತ್ತಿರುವುದಿಲ್ಲ. ಬೆಂಕಿ ಬಿದ್ದಾಗಲೆಲ್ಲ ಹಾಡಿಯವರೇ ಹಚ್ಚಿದರು ಅನ್ನುವ ಮಾತು ಸಭೆಯಲ್ಲಿ ಬಂದರೆ, ಕಾವಲಿಗೆ ಇಳಿಯುವುದೂ ಅವರೇ ಎಂಬುದನ್ನು ಅಲ್ಲೇ ಹೇಳಬೇಕು.

ಇಳಿಯುವವರಿಗೆ ವಿಮೆ ಮಾಡಿಸಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ವರ್ಷಕ್ಕೆ ₹20, ಅಪಘಾತದಲ್ಲಿ ಸತ್ತರೆ ₹2 ಲಕ್ಷ, ವಯಸ್ಸು 18ರಿಂದ 70. ನಲವತ್ತು ಜನಕ್ಕೆ ₹800. ಖಾತೆಯಲ್ಲಿ ಪ್ರತಿ ವರ್ಷ ಮೇ ಕೊನೆಗೆ ಆ ₹20 ಇದೆಯೇ ಅಂತ ನೋಡುವ ಒಬ್ಬರ ಹೆಸರೂ ನಡಾವಳಿಯಲ್ಲಿ ಇರಲಿ, ಇಲ್ಲದಿದ್ದರೆ ವಿಮೆ ತಪ್ಪಿಹೋಗುತ್ತದೆ. ವಿಪತ್ತು ಪರಿಹಾರ ನಿಧಿಯ ₹4 ಲಕ್ಷ, ಪರಿಹಾರ ಕಾರ್ಯ ಮತ್ತು ಸಿದ್ಧತೆಯಲ್ಲಿ ತೊಡಗಿ ಸತ್ತವರಿಗೂ ಇದೆ. ಅದಕ್ಕೆ ಅವರು ಕೆಲಸಕ್ಕೆ ಹೋಗಿದ್ದರು ಎನ್ನುವ ದಾಖಲೆ ಬೇಕು. ದಿನದ ಹಾಜರಿ ಪುಸ್ತಕ ಇಡಿ.

ಗಂಬೂಟು ಹಾಕಿಕೊಂಡು ಬೂದಿ ಮೇಲೆ ನಡೆಯಬಾರದು, ರಬ್ಬರ್ ಮೆತ್ತಗಾಗಿ ಕಾಲಿಗೆ ಅಂಟುತ್ತದೆ. ಪಾಲಿಯೆಸ್ಟರ್ ಜರ್ಸಿ ಬೇಡ, ಹತ್ತಿಯ ಪೂರ್ತಿ ತೋಳಿನ ಅಂಗಿ. ಚರ್ಮದ ಬೂಟು, ಹತ್ತಿ ಬಟ್ಟೆ, ನೀರಿನ ಬಾಟಲಿ ಇಷ್ಟನ್ನು ಪಂಪಿಗಿಂತ ಮೊದಲು ಕೊಡಿಸಿ.

ಏಲಕ್ಕಿಮಲೆ · ಅಕ್ಟೋಬರ್ 13

ಇಲ್ಲಿ ಬಂದ ಮೂಲಗಳೆಲ್ಲ ಒಂದು ಸಲದ ಹಣ. ಹುಲ್ಲು ಪ್ರತಿ ವರ್ಷ ಬೆಳೆಯುತ್ತದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯವರು 2020ರಲ್ಲಿ ಮತ ಹಾಕಿ ತಮ್ಮ ಮೇಲೆ ತಾವೇ ಹತ್ತು ವರ್ಷದ ತೆರಿಗೆ ಹಾಕಿಕೊಂಡರು: ಕಟ್ಟಡದ ಪ್ರತಿ ಚದರ ಅಡಿಗೆ ವರ್ಷಕ್ಕೆ 10 ಸೆಂಟ್, ಬಡ ವೃದ್ಧರಿಗೆ ವಿನಾಯಿತಿ. ಬಂದದ್ದರಲ್ಲಿ ಶೇ 60 ಇಡೀ ಪ್ರದೇಶದ ದೊಡ್ಡ ಕೆಲಸಕ್ಕೆ, ಶೇ 20 ಮನೆ ತಪಾಸಣೆ ಮತ್ತು ಮನೆ ಸುತ್ತಲಿನ ತೆರವಿಗೆ, ಶೇ 20 ಆಯಾ ಊರಿನ ಆಯ್ಕೆಗೆ. ಮೊತ್ತ ನಮಗೆ ಹೊಂದುವುದಿಲ್ಲ. ಹಣವನ್ನು ಮೊದಲೇ ಪಾಲು ಕಟ್ಟಿ ಇಡುವ ಕ್ರಮ ಹೊಂದುತ್ತದೆ. ಕೊಡಗಿನ ಪಂಚಾಯಿತಿ ಕಟ್ಟಡಕ್ಕೆ ₹50 ಬೆಂಕಿ ಸೆಸ್, ಹೋಂಸ್ಟೇಗೆ ₹1,000 ಹಾಕಿದರೆ?

ಕಡತದಾರಿ · ಅಕ್ಟೋಬರ್ 13

ಯೋಚನೆ ಸರಿ, ಹೆಸರು ತಪ್ಪು. ಪಂಚಾಯಿತಿ ತನಗೆ ತೋಚಿದ ಹೊಸ ಸೆಸ್ ಹಾಕುವಂತಿಲ್ಲ, ತೆರಿಗೆಗೆ ಕಾಯ್ದೆಯ ಆಧಾರ ಬೇಕು. ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರ 199ನೇ ಪ್ರಕರಣದಲ್ಲಿ ಕಟ್ಟಡ ತೆರಿಗೆಯ ಅಧಿಕಾರ ಈಗಾಗಲೇ ಇದೆ. ಆ ತೆರಿಗೆ ವಸೂಲಿ ಮಾಡಿ, ಸ್ವಂತ ಸಂಪನ್ಮೂಲದ ಬಜೆಟ್‌ನಲ್ಲಿ ‘ಬೇಸಿಗೆ ಬೆಂಕಿ ಮುನ್ನೆಚ್ಚರಿಕೆ ನಿರ್ವಹಣೆ’ ಎಂಬ ಉಪಶೀರ್ಷಿಕೆ ತೆರೆಯಿರಿ. ಪ್ರತಿ ಕಟ್ಟಡದ ತೆರಿಗೆಯಲ್ಲಿ ₹50 ಅದಕ್ಕೆ ಅಂತ ಸಭೆ ನಿರ್ಣಯಿಸಲಿ. ಹೋಂಸ್ಟೇಗಳಿಂದ ಸ್ವಇಚ್ಛೆಯ ವಂತಿಗೆ, ರಸೀದಿ ಕೊಟ್ಟು. ಕ್ಯಾಂಪ್‌ಫೈರ್ ಹಾಕುವ ಹೋಂಸ್ಟೇಯವರು ಇದಕ್ಕೆ ಇಲ್ಲ ಅನ್ನಲು ಕಾರಣ ಕಾಣುವುದಿಲ್ಲ.

ಸ್ವಂತ ಸಂಪನ್ಮೂಲದ ಒಂದು ಗುಣ: ಸಣ್ಣ, ವರ್ಷಾವರ್ಷದ, ಕೂಲಿ ಪ್ರಧಾನ ಕೆಲಸಕ್ಕೆ ಬಳಸಬಹುದಾದ ಹಣ ಪಂಚಾಯಿತಿಯಲ್ಲಿ ಮುಖ್ಯವಾಗಿ ಇದೇ. ಅನುದಾನದಲ್ಲಿ ಗಟ್ಟಿ ಆಸ್ತಿ ಮಾಡಿಸಿ, ಗುಡಿಸುವ-ಹೆರೆಯುವ ಕೆಲಸವನ್ನು ಇದರಲ್ಲಿ ಮಾಡಿಸಿ. ಶಾಸಕರ ನಿಧಿ ವರ್ಷಕ್ಕೆ ₹2 ಕೋಟಿ, ಜಿಲ್ಲೆಗೆ ಇಬ್ಬರು ಶಾಸಕರು. ತೊಟ್ಟಿ, ಕೆರೆ ದಾರಿಗೆ ಅಲ್ಲಿ ಕೇಳಿ. ಕಂಪನಿ ತೋಟಗಳಿದ್ದರೆ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಯ ಹಣ) ಪಟ್ಟಿಯಲ್ಲಿ ವಿಪತ್ತು ನಿರ್ವಹಣೆ ಇದೆ, ಉಪಕರಣಕ್ಕೆ ಅದು ಸರಿಹೊಂದುತ್ತದೆ.

ಲೈನ್ ಮನೆಗಳ ಖರ್ಚನ್ನು ಮಾತ್ರ ಪಂಚಾಯಿತಿ ಮೇಲೆ ಹೊರಿಸಬೇಡಿ. ಕಾನೂನಿನ ಪ್ರಕಾರ ತೋಟದ ಕಾರ್ಮಿಕರಿಗೆ ಮನೆ ಕೊಡುವುದು, ಸುಸ್ಥಿತಿಯಲ್ಲಿ ಇಡುವುದು ಮಾಲೀಕರ ಹೊಣೆ.

ತಂತಿಕೆಳಗೆ · ಅಕ್ಟೋಬರ್ 14

ಬೆಂಕಿ ಹುಟ್ಟುವ, ಯಾರೂ ಹೇಳದ ಒಂದು ಮೂಲ: 11 ಕೆವಿ ವಿದ್ಯುತ್ ಲೈನು. ಗಾಳಿಗೆ ಸಿಲ್ವರ್ ಓಕ್ ಕೊಂಬೆ ತಾಗಿ ಕಿಡಿ ಬೀಳುವುದು, ಜೋಲು ತಂತಿಗಳು ಒಂದಕ್ಕೊಂದು ಬಡಿಯುವುದು, ಟ್ರಾನ್ಸ್‌ಫಾರ್ಮರ್ ಬುಡದ ಒಣಹುಲ್ಲಿಗೆ ಫ್ಯೂಸ್ ತಂತಿ ಕರಗಿ ಬೀಳುವುದು. ಮಳೆಗಾಲದ ಮುಂಚೆ ಮಾಡುವ ಕೊಂಬೆ ಸವರುವಿಕೆ ಏಪ್ರಿಲ್-ಮೇಗೆ ಬಂದರೆ ಬೆಂಕಿ ಕಾಲ ಮುಗಿದಿರುತ್ತದೆ. ಕಾಡಂಚಿನ ಫೀಡರ್‌ಗಳಿಗೆ ಮಾತ್ರ ಅದನ್ನು ಜನವರಿಗೆ ತನ್ನಿ ಅಂತ ವಿದ್ಯುತ್ ಕಂಪನಿಗೆ ನಿರ್ಣಯ ಕಳಿಸಿ, ಕಂಬದ ನಂಬರ್ ಬರೆದು ಕಳಿಸಿ. ಪಂಚಾಯಿತಿಗೆ ಒಂದು ರೂಪಾಯಿ ಖರ್ಚಿಲ್ಲ. ಟ್ರಾನ್ಸ್‌ಫಾರ್ಮರ್ ಸುತ್ತ 3 ಮೀಟರ್ ಹುಲ್ಲು ತೆಗೆದು ಜಲ್ಲಿ ಹರಡಿಸಿ. ಕತ್ತಿ ಹಿಡಿದವರು ಲೈನ್‌ಮನ್ ಇಲ್ಲದೆ ಕಂಬದ ಹತ್ತಿರ ಹೋಗುವುದು ಬೇಡ. ಲೈನ್ ಚಾಲೂ ಇರುವಾಗ ಅದರ ಕೆಳಗಿನ ಬೆಂಕಿಗೆ ನೀರು ಹೊಡೆಯಲೂಬಾರದು.

ಸೋಲಾರ್ ಬೇಲಿ ಇರುವವರಿಗೆ ಇನ್ನೊಂದು ಲಾಭ. ಹುಲ್ಲು ತಾಗಿ ಶಾರ್ಟ್ ಆಗದಿರಲಿ ಅಂತ ಬೇಲಿ ಕೆಳಗೆ ಹೇಗೂ ಸವರಬೇಕು. ಆ ಪಟ್ಟಿಯನ್ನೇ 6 ಮೀಟರ್‌ಗೆ ಅಗಲ ಮಾಡಿದರೆ ಆನೆ ತಡೆಯ ನಿರ್ವಹಣೆ, ಬೆಂಕಿ ತಡೆ ಎರಡೂ ಒಂದೇ ಕೂಲಿಯಲ್ಲಿ.

ಕಾವಲುಗುಡ್ಡ · ಅಕ್ಟೋಬರ್ 14

ಸಮಯದ ಬಗ್ಗೆ. ತಿತಿಮತಿ ಕಡೆಯಂಥ ತೇಗದ ನೆಡುತೋಪಿನ ಪಕ್ಕ ಡಿಸೆಂಬರ್‌ನಲ್ಲಿ ಹೆರೆದ ಪಟ್ಟಿ ಫೆಬ್ರವರಿಗೆ ಮತ್ತೆ ಎಲೆಯಿಂದ ಮುಚ್ಚಿರುತ್ತದೆ, ತೇಗ ಅಷ್ಟು ನಿಧಾನ ಉದುರಿಸುತ್ತದೆ. ಅಂದಾಜಿನಲ್ಲಿ ಎರಡು ಸುತ್ತು ಬರೆಯಿರಿ: ಡಿಸೆಂಬರ್ ಎರಡನೇ ಪಕ್ಷದಲ್ಲಿ ಹೆರೆಯುವುದು, ಫೆಬ್ರವರಿ ಮೊದಲ ಪಕ್ಷದಲ್ಲಿ ಗುಡಿಸುವುದು. ಎರಡನೇ ಸುತ್ತಿಗೆ ಲೀಫ್ ಬ್ಲೋವರ್ ಒಳ್ಳೆಯದು. ಎತ್ತರದ ಹುಲ್ಲಿನಲ್ಲಿ, ಲಂಟಾನದಲ್ಲಿ ಅದರಿಂದ ಏನೂ ಆಗುವುದಿಲ್ಲ.

ಪಟ್ಟಿಯೊಳಗಿನ ಕಸ ಸುಡುವುದಿದ್ದರೆ ಇಲಾಖೆಗೆ ತಿಳಿಸಿ, ಅವರ ಎದುರಿಗೇ, ಬೆಳಗಿನ ಇಬ್ಬನಿ ಆರುವ ಮುಂಚೆ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಕರ್ನಾಟಕ ಅರಣ್ಯ ಕಾಯ್ದೆ 1963ರ 24ನೇ ಕಲಂನಡಿ ಅಪರಾಧ, ಅಭಯಾರಣ್ಯದಲ್ಲಿ ವನ್ಯಜೀವಿ ಕಾಯ್ದೆಯ 30ನೇ ಕಲಂ. ಆನೆ ದಾರಿ ಇರುವ ಕಡೆ ಬೆಳಿಗ್ಗೆ ಬೆಳಕು ಹರಿದ ಮೇಲೆ ಹೋಗಿ, ಸಂಜೆ 4ಕ್ಕೆ ಹೊರಬನ್ನಿ.

ಎಚ್ಚರಿಕೆ ಸಂದೇಶ ಉಚಿತ. ಭಾರತೀಯ ಅರಣ್ಯ ಸರ್ವೇಕ್ಷಣೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಂದಾಯಿಸಬಹುದು. ಬೆಂಕಿಯ ಶಾಖ ಗುರುತಿಸುವ ವಿಐಐಆರ್‌ಎಸ್ ಎಂಬ ಉಪಗ್ರಹ ಉಪಕರಣದ ಒಂದು ಚುಕ್ಕೆ ಎಂದರೆ 375 ಮೀಟರ್ ಚೌಕ, ಅದು ಹಾದುಹೋಗುವುದು ಮಧ್ಯಾಹ್ನ ಮತ್ತು ರಾತ್ರಿ ಒಂದೂವರೆ ಆಸುಪಾಸು. ಎರಡರ ನಡುವೆ ಹೊತ್ತಿದ್ದು ತಡವಾಗಿ ಕಾಣುತ್ತದೆ, ತೋಟದಲ್ಲಿ ಕಸ ಸುಟ್ಟದ್ದೂ ಚುಕ್ಕೆಯಾಗಿ ಬರುತ್ತದೆ. ಗುಡ್ಡದ ಮೇಲಿನ ಒಬ್ಬ ಕಾವಲುಗಾರನ ಕಣ್ಣಿಗೆ ಅದು ಬದಲಿಯಲ್ಲ. ಹೊಗೆ ಕಂಡರೆ ಅರಣ್ಯ ಸಹಾಯವಾಣಿ 1926, ಮನೆಗಳ ಹತ್ತಿರವಾದರೆ 112. ಗೋಣಿಕೊಪ್ಪದಿಂದ ಕುಟ್ಟಕ್ಕೆ ಅಗ್ನಿಶಾಮಕ ವಾಹನ 30 ಕಿ.ಮೀ. ತಿರುವಿನ ರಸ್ತೆ ಹತ್ತಿ ಬರಬೇಕು. ಮೊದಲ ಒಂದು ಗಂಟೆ ಊರಿನವರದ್ದೇ.

ಬಾಣೆಯಂಚು · ಅಕ್ಟೋಬರ್ 15

ಎಲ್ಲ ಸೇರಿಸಿ ಮಾದರಿ ಊರಿಗೆ ಲೆಕ್ಕ ಹಾಕಿದೆ. ಕೂಲಿ ₹500 ಹಿಡಿದಿದ್ದೇನೆ, ನಿಮ್ಮೂರಿನ ದರ ಹಾಕಿಕೊಳ್ಳಿ.

ಅಂಚಿನ ಪಟ್ಟಿ 2 ಕಿ.ಮೀ. × 6 ಮೀ. = 12,000 ಚದರ ಮೀಟರ್. ಅರ್ಧ ಹುಲ್ಲು, ಆಳಿಗೆ ದಿನಕ್ಕೆ 200 ಚದರ ಮೀಟರ್‌ನಂತೆ 30 ಆಳು. ಅರ್ಧ ಲಂಟಾನ, ದಿನಕ್ಕೆ 80ರಂತೆ 75 ಆಳು. ಒಟ್ಟು 105 ಆಳು, ₹52,500. ಫೆಬ್ರವರಿಯ ಗುಡಿಸುವಿಕೆ ದಿನಕ್ಕೆ 500ರಂತೆ 24 ಆಳು, ₹12,000. ಮನೆ ಸುತ್ತಲಿನ ಕೆಲಸ 60 ಮನೆಗೆ ಎರಡೆರಡು ಆಳು, ₹60,000. ಒಟ್ಟು ₹1,24,500.

ಆದಾಯ: ಪಂಚಾಯಿತಿಯಲ್ಲಿ 900 ಕಟ್ಟಡ ಅಂತ ಇಟ್ಟುಕೊಂಡರೆ ₹50ರಂತೆ ₹45,000. 25 ಹೋಂಸ್ಟೇಯ ವಂತಿಗೆ ₹25,000. ಪಟ್ಟಿಯ ಅರ್ಧ ಪಂಚಾಯಿತಿ ರಸ್ತೆಗುಂಟ ಇದ್ದರೆ ಆ ಪಾಲು ₹32,250 ಆಯೋಗದ ಮುಕ್ತ ಅನುದಾನದಿಂದ. 25 ಲೈನ್ ಮನೆಯ ₹25,000 ತೋಟದವರಿಂದ. ಒಟ್ಟು ₹1,27,250. ಉಳಿಯುವ ₹2,750ರಲ್ಲಿ 40 ಜನರ ವಿಮೆ ಮತ್ತು ಕೆರೆಯ ಜೋಡಣೆ ತುಂಡುಗಳು. ಟ್ಯಾಂಕರ್ ಬೇಡಿಕೆ ಕೈಬಿಟ್ಟಿದ್ದೇನೆ.

ಮಣ್ಣುಜರಿತ · ಅಕ್ಟೋಬರ್ 15

ಲಂಟಾನದ ಸಾಗಾಟ ಸೇರಿಲ್ಲ. 6,000 ಚದರ ಮೀಟರ್‌ನಿಂದ ಹತ್ತಾರು ಟ್ರ್ಯಾಕ್ಟರ್ ಲೋಡ್ ಬರುತ್ತದೆ. ಆ ಬಾಡಿಗೆ ಇಲ್ಲದೆ ಈ ಪಟ್ಟಿಗೆ ಸಹಿ ಹಾಕಿಸಬೇಡಿ. ರಾಶಿ ಅಂಚಿನಲ್ಲೇ ಉಳಿದರೆ ₹37,500 ಕೊಟ್ಟು ಉರುವಲು ಒಟ್ಟಿಸಿದಂತೆ ಆಗುತ್ತದೆ.

ಕಡತದಾರಿ · ಅಕ್ಟೋಬರ್ 15

ಸಾಗಾಟವನ್ನು ಅನುದಾನದ ಕಾಮಗಾರಿಯ ಅಂದಾಜಿನೊಳಗೇ ಸೇರಿಸಿ, ತಾಂತ್ರಿಕ ಮಂಜೂರಾತಿಗೆ ಹೋಗುವ ಮುಂಚೆ. ಮಂಜೂರಾದ ಮೇಲೆ ಹೊಸ ಸಾಲು ಸೇರಿಸಲು ಪರಿಷ್ಕೃತ ಅಂದಾಜು ಬೇಕು, ಅಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ತೋಟದವರ ₹25,000 ಪಂಚಾಯಿತಿ ಖಾತೆಗೆ ಬರಬೇಕಿಲ್ಲ, ಅವರ ಆಳುಗಳಿಂದಲೇ ಲೈನ್ ಮನೆ ಕೆಲಸ ಮಾಡಿಸಲಿ. ಆಗ ಲೆಕ್ಕದಿಂದ ಎರಡೂ ಬದಿ ₹25,000 ತೆಗೆಯಿರಿ, ಬಾಕಿ ₹99,500 ಖರ್ಚು, ₹1,02,250 ಆದಾಯ. ಜನವರಿ 5ರ ಒಳಗೆ ಮುಗಿದಿದೆ ಎಂಬ ಫೋಟೊ, ಮನೆ ನಂಬರ್ ಸಮೇತ, ವಾರ್ಡ್ ಸದಸ್ಯರಿಗೆ ಕೊಟ್ಟರೆ ಸಾಕು.